ನಾಟಿ ಅಂಗಿಯ ಹಾಡುಗಾರ್ತಿ

ಹೋದ ಡಿಸೆಂಬರಿನಲ್ಲಿ ಹುಬ್ಬಳ್ಳಿಯ ಕಾರ್ಯಕ್ರಮ ಮುಗಿದ ಮೇಲೆ ಬೆಂಗಳೂರಿನಿಂದ ಬಂದಿದ್ದ ಪತ್ರಕರ್ತನೊಬ್ಬ ನೇತ್ರಾವತಿಯನ್ನು ಕೇಳಿದ: ‘ಮೇಡಂ, ನಿಮ್ಮ ಡಿಸೈನರ್ ಯಾರು?’ ನಾನು ಪಕ್ಕದಲ್ಲೇ ಕುಕ್ಕರಗಾಲಲ್ಲಿ ಕೂತು ವೈರು ಸುತ್ತುತ್ತಿದ್ದೆ. ನೇತ್ರಾವತಿ ಟವೆಲಿನಿಂದ ಮುಖ ಒರೆಸಿಕೊಳ್ಳುತ್ತ, ‘ಡಿಸೈನರ್ ಯಾರೂ ಇಲ್ಲರಿ, ಇದು ನಮ್ಮಪ್ಪನ ಹಳೇ ಅಂಗಿ’ ಅಂದಳು. ಆತ ಅದನ್ನು ತಮಾಷೆ ಅಂದುಕೊಂಡ. ಮರುದಿನ ಪತ್ರಿಕೆಯಲ್ಲಿ ‘ತಮ್ಮ ವಸ್ತ್ರವಿನ್ಯಾಸಕರ ಹೆಸರು ಹೇಳಲು ಗಾಯಕಿ ನಿರಾಕರಿಸಿದರು’ ಎಂದು ಅಚ್ಚಾಗಿತ್ತು. ನನಗೆ ಮೈ ಉರಿದುಹೋಯಿತು. ನಿಜ ಹೇಳಿದರೂ ನಂಬದವರಿಗೆ ಯಾರಾದರೂ ಕೂತು ಪೂರ್ತಿ ಹೇಳಬೇಕು, ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ನಾನು ಹೊಳಿಯಪ್ಪ. ಗಂಗಾವತಿಯಲ್ಲಿ ನನ್ನದೊಂದು ಮೈಕ್‌ಸೆಟ್ ಅಂಗಡಿ. ಕನ್ನಡದಲ್ಲಿ ಬಿ.ಎ. ಮಾಡಿ, ನೌಕರಿ ಸಿಗದೆ, ಸ್ಪೀಕರ್ ಹೊತ್ತವನು. ಮೂವತ್ತು ವರ್ಷದಿಂದ ಈ ಜಿಲ್ಲೆಯ ಮದುವೆ, ಸಭೆ, ಚುನಾವಣೆ ಎಲ್ಲವೂ ನನ್ನ ಕಿವಿಯ ಮೇಲೇ ಹಾದುಹೋಗಿವೆ. ಎಲ್ಲರೂ ಮನುಷ್ಯನ ಮುಖ ನೋಡಿದರೆ ನಾನು ದನಿ ನೋಡುತ್ತೇನೆ. ಮೈಕಿನ ಮುಂದೆ ನಿಂತು ‘ಸ್ವಲ್ಪ ಎಕೋ ಹಾಕ್ರಿ’ ಅನ್ನುವವರನ್ನು ಕಂಡರೆ ನನಗೆ ಆಗುವುದಿಲ್ಲ. ಸ್ವಂತ ದನಿಯ ಮೇಲೆ ಭರವಸೆ ಇಲ್ಲದವರು ಎಕೋ ಕೇಳುತ್ತಾರೆ. ಇದು ನನ್ನ ಅಭಿಪ್ರಾಯ, ಬದಲಾಗುವುದಿಲ್ಲ.

ನೇತ್ರಾವತಿ ನವಲಿಯ ಹುಡುಗಿ. ಅಪ್ಪ ಹುಚ್ಚೀರಪ್ಪ ಅಕ್ಕಿ ಗಿರಣಿಯ ಹಮಾಲ. ಅವ್ವ ಉಡಚಮ್ಮ ನಾಟಿ ಗುಂಪಿನ ಮುಂದಾಳು. ಕಾಲುವೆಗೆ ನೀರು ಬಿಟ್ಟರೆ ಸಾಕು, ಇಪ್ಪತ್ತು ಹೆಣ್ಣುಮಕ್ಕಳನ್ನು ಕಟ್ಟಿಕೊಂಡು ಊರೂರಿನ ಗದ್ದೆಗೆ ಇಳಿಯುವುದು ಅವಳ ಕೆಲಸ. ಮಗಳನ್ನು ಮಾತ್ರ ಒಂದು ದಿನವೂ ಕೆಸರಿಗೆ ಇಳಿಸಲಿಲ್ಲ. ಐದನೇ ಇಯತ್ತೆಗೇ ಗಂಗಾವತಿಯ ಹಾಸ್ಟೆಲ್ಲಿಗೆ ಹಾಕಿದಳು.

ನಾನು ಆ ಹುಡುಗಿಯನ್ನು ಮೊದಲು ಕಂಡಾಗ ಅವಳಿಗೆ ಹತ್ತೊಂಬತ್ತು. ಕಾಲೇಜು ಓದುತ್ತಲೇ ಒಂದು ಆರ್ಕೆಸ್ಟ್ರಾದಲ್ಲಿ ಹಾಡುತ್ತಿದ್ದಳು. ಮೈತುಂಬ ಚಮಕಿ ಹಚ್ಚಿದ ಕೆಂಪು ಗೌನು, ಎತ್ತರದ ಚಪ್ಪಲಿ. ದನಿ ಸಣ್ಣಗಿರಬೇಕು, ಬೆಲ್ಲದಂತಿರಬೇಕು ಎಂದು ಆರ್ಕೆಸ್ಟ್ರಾದವನ ಕಟ್ಟಪ್ಪಣೆ. ಅವತ್ತು ಒಂದು ಮದುವೆಯ ಆರತಕ್ಷತೆ. ಕೊನೆಯ ಹಾಡಿಗೆ ಬರುವ ಹೊತ್ತಿಗೆ ಹುಡುಗಿಗೆ ಅಪ್ಪಣೆ ಮರೆತುಹೋಗಿರಬೇಕು, ಬಾಯಿ ಪೂರ್ತಿ ತೆರೆದಳು. ನನ್ನ ಎಡಗಡೆಯ ಹಾರ್ನ್ ಸ್ಪೀಕರಿನ ಯೂನಿಟ್ ಟಪ್ ಎಂದು ಸುಟ್ಟುಹೋಯಿತು. ನಾನು ಸ್ಟೇಜ್ ಹತ್ತಿ ಎಲ್ಲರೆದುರೇ ಕೂಗಾಡಿದೆ.

‘ಏ ಹುಡುಗಿ, ಅದೇನ್ ಗಂಟಲೋ ಟ್ರ್ಯಾಕ್ಟರೋ? ನನ್ನ ಯೂನಿಟ್ ಸುಟ್ಟು ಹಾಕಿದೆಲ್ಲ!’

ಅವಳು ತಪ್ಪಾಯಿತು ಅನ್ನಲಿಲ್ಲ. ‘ಕಾಕಾ, ನಾ ಇನ್ನೂ ಅರ್ಧಾನೂ ಬಿಟ್ಟಿದ್ದಿಲ್ಲರಿ’ ಅಂದಳು.

ಆ ಮಾತಿಗೆ ಸಿಟ್ಟು ಎಲ್ಲಿ ಹೋಯಿತೋ ಗೊತ್ತಿಲ್ಲ. ಉಳಿದರ್ಧ ಕೇಳಬೇಕು ಎಂಬ ಹುಚ್ಚು ಹಿಡಿಯಿತು. ನನ್ನ ಅಂಗಡಿಯ ಪಕ್ಕ ಟ್ರೇಲರ್ ವೆಲ್ಡಿಂಗ್ ಮಾಡುವ ಶಾಹೀದ ಇದ್ದ. ಹಗಲಿಡೀ ಕಬ್ಬಿಣ ಸುಟ್ಟು, ಸಂಜೆಯಾದರೆ ಎಲೆಕ್ಟ್ರಿಕ್ ಗಿಟಾರು ಹಿಡಿದು ಇಡೀ ಓಣಿಗೆ ತಲೆನೋವು ತರುವವನು. ಬ್ಯಾಂಡ್‌ಸೆಟ್ಟಿನಲ್ಲಿ ಡ್ರಮ್ ಬಾರಿಸುವ ರಾಮಾಂಜನೇಯ ಇದ್ದ. ಮೂವರನ್ನೂ ಕೂಡಿಸಿದವನು ನಾನು. ಇದನ್ನು ಹೇಳಿಕೊಳ್ಳುವುದರಲ್ಲಿ ನನಗೆ ಸಂಕೋಚ ಏನೂ ಇಲ್ಲ.

ತಾಲೀಮಿಗೆ ಜಾಗ ಬೇಕಲ್ಲ. ನನ್ನ ಗೆಳೆಯನೊಬ್ಬನ ಅಕ್ಕಿ ಗಿರಣಿಯ ಗೋದಾಮು ಕೇಳಿದೆ, ಗಿರಣಿ ನಿಲ್ಲುವ ದಿನ ಹಾಡಿಕೊಳ್ಳಿ ಅಂದ. ನಾಲ್ಕೂ ಗೋಡೆಗೆ ಸೂರಿನವರೆಗೆ ಅಕ್ಕಿ ಚೀಲ. ಅಕ್ಕಿ ಚೀಲ ದನಿಯನ್ನು ನುಂಗುತ್ತದೆ, ತಿರುಗಿ ಕೊಡುವುದಿಲ್ಲ. ಹಾಡಿದ್ದಷ್ಟೇ ಕೇಳುತ್ತದೆ, ತಪ್ಪಿದರೆ ತಪ್ಪೂ ಅಷ್ಟೇ ಸ್ಪಷ್ಟವಾಗಿ ಕೇಳುತ್ತದೆ. ದೊಡ್ಡ ದೊಡ್ಡ ಸ್ಟುಡಿಯೋದವರು ಗೋಡೆಗೆ ಏನೇನೋ ಬಡಿಯುತ್ತಾರಂತೆ. ಗಂಗಾವತಿಗೆ ಬಂದು ಒಂದು ಗೋದಾಮು ನೋಡಿ ಹೋಗಲಿ.

ನಮ್ಮ ರಾಕ್ ತಂಡಕ್ಕೆ ‘ತೂಬು’ ಎಂದು ಹೆಸರಿಟ್ಟವಳು ನೇತ್ರಾವತಿ. ಕಾಲುವೆಯಿಂದ ಗದ್ದೆಗೆ ನೀರು ಬಿಡುವ ಬಾಗಿಲು ಅದು, ತೆರೆದಾಗ ಹೊರಡುವ ಸದ್ದು ಕೇಳಿದವರಿಗೆ ಹೆಸರು ಯಾಕೆ ಎಂದು ಹೇಳಬೇಕಿಲ್ಲ. ಹಾಡುಗಳೂ ಅವಳವೇ. ಮೊದಲ ಹಾಡು ‘ಹಿಂದಕ್ ಸರಿ’. ನಾಟಿ ಮಾಡುವವರು ಬಾಗಿ ಸಸಿ ಊರುತ್ತ ಹಿಂದೆ ಹಿಂದೆ ಹೆಜ್ಜೆ ಇಡುತ್ತಾರೆ, ಎದುರಿಗೆ ಹಸಿರು ಬೆಳೆಯುತ್ತ ಹೋಗುತ್ತದೆ. ಒಂದು ಸಾಲು ಮುಗಿದಾಗಲೆಲ್ಲ ಉಡಚಮ್ಮ ‘ಹಿಂದಕ್ ಸರೀ’ ಎಂದು ಕೂಗುತ್ತಿದ್ದಳು. ರಜೆಯಲ್ಲಿ ಊರಿಗೆ ಹೋದಾಗ ಮಗಳು ಬದುವಿನ ಮೇಲೆ ಕೂತು ಕೇಳಿದ ಕೂಗು ಅದು. ಶಾಹೀದನ ಗಿಟಾರು ಕೊರೆಯುತ್ತ ಬಂದು ಗಕ್ಕನೆ ನಿಂತಾಗ, ಡ್ರಮ್ಮಿನ ಮೇಲೆ ಅವಳು ಆ ಕೂಗು ಹಾಕಿದಳೆಂದರೆ ನನ್ನ ಮೈಮೇಲೆ ಇವತ್ತಿಗೂ ಮುಳ್ಳು ಏಳುತ್ತದೆ.

ಇನ್ನು ವೇಷದ ಮಾತು. ರಾಕ್ ಅಂದಮೇಲೆ ತೊಗಲಿನ ಜಾಕೆಟ್ ಬೇಕೇಬೇಕು ಎಂದು ಶಾಹೀದ ಹಟ ಹಿಡಿದ. ಹುಬ್ಬಳ್ಳಿಯಿಂದ ಒಂದು ಕರೀ ಜಾಕೆಟ್ ತಂದ. ಅದನ್ನು ತೊಟ್ಟು ಹಾಡಿದ್ದು ಕುಷ್ಟಗಿಯಲ್ಲಿ, ಏಪ್ರಿಲ್ ತಿಂಗಳಲ್ಲಿ. ಕುಷ್ಟಗಿಯ ಏಪ್ರಿಲ್ ಕಂಡವರು ಈಗಲೇ ನಗುತ್ತಿರಬಹುದು. ಮೂರನೇ ಹಾಡಿಗೆ ಹುಡುಗಿ ಸ್ಪೀಕರಿನ ಪಕ್ಕ ಕುಸಿದು ಕೂತಳು. ನಾನು ಒಂದು ಕೊಡ ನೀರು ತಂದು ಜಾಕೆಟ್ಟಿನ ಸಮೇತ ಅವಳ ತಲೆಯ ಮೇಲೆ ಸುರಿದೆ. ಆ ಜಾಕೆಟ್ ಈಗ ಶಾಹೀದನ ಬೈಕಿನ ಸೀಟಿನ ಹೊದಿಕೆಯಾಗಿದೆ.

ಮುಂದಿನ ಕಾರ್ಯಕ್ರಮ ಕೊಪ್ಪಳದ ಒಂದು ಕಾಲೇಜಿನಲ್ಲಿ. ಏನು ತೊಡುತ್ತೀಯ ಎಂದು ಕೇಳಿದರೆ ಹೇಳಲಿಲ್ಲ. ಹಿಂದಿನ ದಿನ ನವಲಿಗೆ ಹೋಗಿ ಬಂದಿದ್ದಳು. ಸ್ಟೇಜಿನ ಹಿಂದಿನ ಕೋಣೆಯಿಂದ ಹೊರಗೆ ಬಂದಾಗ ನಾವು ಮೂವರೂ ಬಾಯಿ ತೆರೆದು ನಿಂತೆವು. ಮೊಣಕಾಲಿನವರೆಗೆ ಎತ್ತಿ ಸಿಕ್ಕಿಸಿದ ಇಳಕಲ್ ಸೀರೆ. ಅದರ ಮೇಲೆ ಗಂಡಸರ ತುಂಬುತೋಳಿನ ಅಂಗಿ, ತಿಳಿನೀಲಿ ಪಟ್ಟೆಯದು, ಕಾಲರು ಸವೆದು ನೂಲು ಎದ್ದದ್ದು. ತೋಳಿನ ತುದಿಯಲ್ಲಿ ಎಷ್ಟು ತೊಳೆದರೂ ಹೋಗದ ಕಪ್ಪು ಕೆಸರಿನ ಕಲೆ. ತಲೆಗೆ ಟವೆಲು. ಬರಿಗಾಲು. ನಮ್ಮ ಕಡೆ ನೆಲ್ಲು ಹಚ್ಚಲು, ಅಂದರೆ ಭತ್ತದ ನಾಟಿಗೆ, ಹೋಗುವ ಹೆಣ್ಣುಮಕ್ಕಳೆಲ್ಲ ಹೀಗೇ ಗಂಡನ ಹಳೇ ಅಂಗಿ ತೊಟ್ಟು ಗದ್ದೆಗೆ ಇಳಿಯುತ್ತಾರೆ. ಇದು ಹುಚ್ಚೀರಪ್ಪ ಬಿಟ್ಟು, ಉಡಚಮ್ಮ ಗದ್ದೆಯಲ್ಲಿ ತೊಟ್ಟು ಸವೆಸಿದ ಅಂಗಿ. ನಾವು ಬಸ್ಸಿನ ಕಿಟಕಿಯಿಂದ ಸಾವಿರ ಸಲ ನೋಡಿದ್ದೇವೆ, ಒಂದು ಸಲವೂ ಸರಿಯಾಗಿ ನೋಡಿಲ್ಲ.

ಅವಳು ತೋಳುಗಳನ್ನು ಮೊಣಕೈಗೆ ಮಡಚಿ ಸ್ಟೇಜಿಗೆ ನುಗ್ಗಿದಳು. ‘ಹಿಂದಕ್ ಸರಿ’ ಹಾಡುತ್ತ, ಸೊಂಟ ಬಾಗಿಸಿ, ಹಿಂದೆ ಹಿಂದೆ ಹೆಜ್ಜೆ ಇಡುತ್ತ ಬಂದು ಸ್ಟೇಜಿನ ನೆಲದ ಮೇಲಿದ್ದ ನನ್ನ ಮಾನಿಟರ್ ಸ್ಪೀಕರನ್ನು ಎಡವಿ ಬಿದ್ದಳು. ಬಿದ್ದಲ್ಲಿಂದಲೇ ಉಳಿದ ಸಾಲು ಹಾಡಿದಳು. ಮಕ್ಕಳು ಕುರ್ಚಿಯ ಮೇಲೆ ಹತ್ತಿ ನಿಂತರು. ಅವತ್ತಿನಿಂದ ಮಾನಿಟರುಗಳನ್ನು ನಾನು ಬದಿಗೆ ಇಡುತ್ತೇನೆ.

ಆಮೇಲಿನ ಎರಡು ವರ್ಷ ಹೇಗೆ ಹೋದವೋ! ಕೊಪ್ಪಳ, ಹೊಸಪೇಟೆ, ಧಾರವಾಡ, ಬೆಂಗಳೂರು. ಕಾಲೇಜಿನ ಹುಡುಗಿಯರು ವಾರ್ಷಿಕೋತ್ಸವಕ್ಕೆ ಅಪ್ಪನ ಅಂಗಿ ತೊಟ್ಟು ಬರತೊಡಗಿದರು. ಗಂಗಾವತಿಯ ಬಟ್ಟೆ ಅಂಗಡಿಯವನೊಬ್ಬ ಹೆಣ್ಣು ಬೊಂಬೆಗೆ ಗಂಡಸರ ಅಂಗಿ ತೊಡಿಸಿ ಬಾಗಿಲಲ್ಲೇ ನಿಲ್ಲಿಸಿದ. ಯಲಬುರ್ಗಾದಲ್ಲಿ ಊರ ಪ್ರಮುಖರೊಬ್ಬರು ಕಾರ್ಯಕ್ರಮಕ್ಕೆ ಮುಂಚೆ ಬಂದು, ‘ತಂಗಿ, ಮನಿತನದ ಹೆಣ್ಮಕ್ಳು ಬಂದು ಕುಂತಾರ, ಒಂದು ಛಲೋ ಸೀರಿ ಉಟ್ಟು ಹಾಡವಾ’ ಅಂದರು. ನೇತ್ರಾವತಿ ಕೈಮುಗಿದು, ‘ಹೆಣ್ಮಕ್ಳು ಬಂದಾರ ಅಂತನ ಇದನ್ನ ಹಾಕ್ಕೊಂಡೀನ್ರಿ’ ಅಂದಳು. ನನಗೆ ಎಷ್ಟು ಹೆಮ್ಮೆ ಆಯಿತೆಂದರೆ, ಅವತ್ತು ಆ ಪ್ರಮುಖರ ಸ್ವಾಗತ ಭಾಷಣದ ದನಿಯನ್ನು ಬೇಕೆಂದೇ ಎರಡು ಗೆರೆ ಇಳಿಸಿದೆ.

ಆದರೆ ಆ ಹೆಮ್ಮೆ ನವಲಿಗೆ ಮುಟ್ಟುವಾಗ ಬೇರೆಯೇ ಆಗಿ ಮುಟ್ಟಿತು. ಮಗಳು ಹಾಡುತ್ತಾಳೆ ಎಂದಷ್ಟೇ ಗೊತ್ತಿದ್ದ ಉಡಚಮ್ಮ ಯಾರದೋ ಫೋನಿನಲ್ಲಿ ಆ ಹಾಡನ್ನು ಮೊದಲ ಸಲ ನೋಡಿದಳು. ಮರುದಿನ ಬೆಳಗಿನ ಬಸ್ಸಿಗೇ ನನ್ನ ಅಂಗಡಿಗೆ ಬಂದಳು. ಮಡಿಕೆ ಮುರಿಯದ ಹಸಿರು ಸೀರೆ, ಹಣೆತುಂಬ ಕುಂಕುಮ. ನೇತ್ರಾವತಿ ಒಳಗೆ ಶಾಹೀದನ ಜೊತೆ ಮಾತಾಡುತ್ತಿದ್ದವಳು ಓಡಿ ಬಂದಳು. ಉಡಚಮ್ಮ ಕೂಡಲಿಲ್ಲ, ನೀರೂ ಮುಟ್ಟಲಿಲ್ಲ.

‘ಮೂವತ್ತು ವರ್ಷ ಆತು ನೆಲ್ಲು ಹಚ್ಚಾಕ ಹತ್ತಿ. ಒಂದು ದಿನಾರ ಆ ಅಂಗಿ ಹಾಕ್ಕೊಂಡು ಊರಾಗ ಕಾಲಿಟ್ಟೀನೇನು? ಕಾಲುವ್ಯಾಗ ತೊಳದು, ಮಡಚಿ, ಚೀಲದಾಗ ಇಟ್ಕೊಂಡು, ಸೀರಿ ಸರಿ ಮಾಡ್ಕೊಂಡು ಊರಾಗ ಬರ್ತೀವಿ. ಎಲ್ಲಾರೂ ಹಂಗ ಬರ್ತೀವಿ. ನಿನ್ನ ಹಾಸ್ಟೆಲ್ಲಿಗೆ ಬಂದಾಗ ಇದ್ದದ್ರಾಗ ಛಲೋ ಸೀರಿ ಉಟ್ಟು ಬಂದೀನಿ. ಕೂಲ್ಯಾಕಿ ಮಗಳು ಅಂತ ನಿನಗ ಯಾರೂ ಅನಬಾರದು ಅಂತ. ನೀ ನೋಡಿದ್ರ ಊರೂರಿಗೆ ಸಾರಿ ಬಂದೀಯಲ್ಲ.’

‘ಅವ್ವಾ, ನನಗೇನ್ ನಾಚಿಕಿ ಇಲ್ಲ. ನನಗದು ಹೆಮ್ಮಿ’ ಅಂದಳು ನೇತ್ರಾವತಿ.

‘ನಿನಗ್ಯಾಕ ನಾಚಿಕಿ ಆಗ್ತೈತಿ? ನೀ ಗದ್ದಿಗೆ ಇಳದಿ ಏನು? ನಾಚಿಕಿ ಪಟ್ಟಾಕಿ ನಾನು’ ಅಂದಳು ಉಡಚಮ್ಮ. ಅವಳ ದನಿ ಏರಲಿಲ್ಲ, ಅದೇ ಕೇಳಲು ಕಷ್ಟವಾಯಿತು. ‘ಒಂದು ಆ ಅಂಗಿ ಬಿಡು, ಇಲ್ಲಂದ್ರ ನವಲಿ ಬಿಡು. ಹಾಡ್ಬ್ಯಾಡ ಅಂತ ನಾ ಅನ್ನಂಗಿಲ್ಲ.’

ಅಷ್ಟು ಹೇಳಿ ಬಂದ ಬಸ್ಸಿಗೇ ಹೊರಟುಹೋದಳು. ಸ್ಟೇಜಿನ ಮೇಲೆ ಚಪ್ಪಾಳೆ ತರುವ ಕಲೆಯನ್ನು ತೊಳೆಯಲು ಒಬ್ಬ ಹೆಣ್ಣುಮಗಳು ಮೂವತ್ತು ವರ್ಷ ಕಾಲುವೆಯಲ್ಲಿ ಕೈ ಸವೆಸಿದ್ದಾಳೆ ಎಂದು ನಮಗೆ ಯಾರಿಗೂ ಹೊಳೆದಿರಲಿಲ್ಲ.

ನೇತ್ರಾವತಿ ಅಂಗಿ ಬಿಟ್ಟಳು. ಕಪ್ಪು ಕುರ್ತಾ ತೊಟ್ಟು ಹಾಡಿದಳು. ಅಂಗಿ ಬಿಟ್ಟರೂ ಅವ್ವನ ನೋವು ಆರಲಿಲ್ಲ, ಫೋನು ಎತ್ತುತ್ತಿರಲಿಲ್ಲ, ಮುಖ ತೋರಿಸಲಾಗದೆ ಇವಳೂ ಊರಿಗೆ ಹೋಗಲಿಲ್ಲ. ಹತ್ತು ತಿಂಗಳು ಹೀಗೇ ಹೋಯಿತು. ಜನ ಬರುತ್ತಿದ್ದರು, ಚಪ್ಪಾಳೆಯೂ ಇತ್ತು. ಆದರೆ ನನ್ನ ಕಿವಿಗೆ ಮೋಸ ಮಾಡಲಾಗುವುದಿಲ್ಲ. ‘ಹಿಂದಕ್ ಸರಿ’ ಅನ್ನುವಾಗ ದನಿ ಹೊಟ್ಟೆಯಿಂದ ಹೊರಡದೆ ಗಂಟಲಿನಿಂದ ಹೊರಡುತ್ತಿತ್ತು. ಜೂನಿನಲ್ಲಿ ಹೊಸಪೇಟೆಯ ಕಾರ್ಯಕ್ರಮದ ಮುಂಚೆ ಮೈಕ್ ಪರೀಕ್ಷೆ ಮಾಡುತ್ತಿದ್ದವಳು ನನ್ನ ಕಡೆ ತಿರುಗಿ, ‘ಕಾಕಾ, ಚೂರು ಎಕೋ ಹಾಕ್ರಿ’ ಅಂದಳು.

ನನಗೆ ಭಯವಾಯಿತು. ಮಿಕ್ಸರ್ ಬಿಟ್ಟು ಎದ್ದು ಬಂದು, ‘ಎಕೋ ಬೇಕಾದ್ರ ಬ್ಯಾರೆ ಮೈಕ್‌ಸೆಟ್ಟಿನವನ್ನ ಹುಡುಕ್ಕೋ ಹೋಗು’ ಎಂದು ರೇಗಿದೆ. ಅವಳು ಅಲ್ಲೇ ಸ್ಟೇಜಿನ ಅಂಚಿಗೆ ಕೂತು ಅತ್ತಳು. ಅತ್ತು ಮುಗಿಸಿ, ‘ಅವ್ವ ಅಂದದ್ದು ಖರೇ ಐತಿ ಕಾಕಾ. ನಾ ಗದ್ದಿಗೆ ಇಳದಾಕಿ ಅಲ್ಲ. ಹಚ್ಚೂ ದಿನದಾಗ ನನ್ನ ನವಲಿಗೆ ಕರ್ಕೊಂಡು ಹೋಗ್ರಿ’ ಅಂದಳು.

ಹಾಗೆ ಜುಲೈ ಕೊನೆಯ ಒಂದು ಬೆಳಗ್ಗೆ, ಸ್ಪೀಕರ್ ಸಾಗಿಸುವ ನನ್ನ ವ್ಯಾನಿನಲ್ಲಿ ನಾವಿಬ್ಬರೂ ನವಲಿಯ ಗದ್ದೆಯ ಬದುವಿಗೆ ಬಂದೆವು. ನೀಲಿ ಪಟ್ಟೆಯ ಅಂಗಿ ಅವಳ ಮೈಮೇಲಿತ್ತು. ಗುಂಪು ಆಗಲೇ ಇಳಿದಿತ್ತು. ಉಡಚಮ್ಮ ಮಗಳನ್ನು ನೋಡಿದಳು, ಸಸಿಯ ಕಟ್ಟು ಬಿಚ್ಚುತ್ತಲೇ ಮಾತಾಡಿದಳು.

‘ನನ್ನ ಗುಂಪಿನಾಗ ಜಾಗ ಇಲ್ಲ.’

ಗುಂಪಿನಲ್ಲಿ ಎಲ್ಲರಿಗಿಂತ ಹಿರಿಯಳು ಜೋಹರಾಬಿ. ಅವಳು ಸೊಂಟ ನೆಟ್ಟಗೆ ಮಾಡಿ, ‘ಒಬ್ಬಾಕಿ ಇವತ್ತ ಬಂದಿಲ್ಲ. ಸಾಲು ಖಾಲಿ ಐತಿ. ಬರ್ಲಿ ಬಿಡು ಉಡಚಮ್ಮ’ ಅಂದಳು. ಉಡಚಮ್ಮ ಸಸಿ ಹಿಡಿದು ತನ್ನ ಸಾಲಿಗೆ ಬಾಗಿದಳು.

ನೇತ್ರಾವತಿ ತೋಳು ಮಡಚಿಕೊಂಡು ಕೆಸರಿಗೆ ಕಾಲಿಟ್ಟಳು. ಗುಂಪಿನ ಹೆಣ್ಣುಮಕ್ಕಳು ಒಮ್ಮೆಗೇ ನಕ್ಕರು. ಜೋಹರಾಬಿ ಕೆಸರುಗೈಯಲ್ಲೇ ಬಂದು ಅವಳ ತೋಳುಗಳನ್ನು ಕೆಳಗೆ ಎಳೆದು, ಮಣಿಕಟ್ಟಿನ ಗುಂಡಿ ಹಾಕಿ, ಕಾಲರನ್ನು ಕುತ್ತಿಗೆಗೆ ಎತ್ತಿ ನಿಲ್ಲಿಸಿದಳು.

‘ತೋಳು ಮಡಚಿದ್ರ ಸಸಿ ಗರಿ ಕೈ ಕೊಯ್ಯತಾವ, ಬಾಗಿದ್ರ ಬಿಸಲು ಕುತ್ತಿಗಿಗೆ ಬೀಳತೈತಿ. ಅದಕ್ಕ ತುಂಬುತೋಳಿನ ಅಂಗಿ ಹಾಕ್ಕೊಳ್ಳೂದು. ಫೋನಿನಾಗ ನಿನ್ನ ನೋಡಿದಾಗ ನಮಗೇನ್ ಸಿಟ್ಟು ಬಂದಿದ್ದಿಲ್ಲವಾ. ನಗು ಬಂದಿತ್ತು. ಇಕಿ ಒಂದು ದಿನಾನೂ ಹಚ್ಚಿಲ್ಲ ಅಂತ ತೋಳು ನೋಡೇ ಗೊತ್ತಾತು.’

ಎರಡು ವರ್ಷ ಸಾವಿರಾರು ಜನ ಹುಚ್ಚೆದ್ದು ನೋಡಿದ ವೇಷದ ತಪ್ಪನ್ನು ಜೋಹರಾಬಿ ಒಂದು ನಿಮಿಷದಲ್ಲಿ ತಿದ್ದಿದಳು. ಇವತ್ತು ನೇತ್ರಾವತಿ ಅಂಗಿಯ ಮಣಿಕಟ್ಟಿನ ಗುಂಡಿ ಹಾಕಿರುವುದನ್ನು ಕಂಡು ಹೊಸ ಫ್ಯಾಶನ್ ಅನ್ನುವವರಿಗೆ ಇಷ್ಟು ತಿಳಿದಿರಲಿ.

ನಾನು ಬದುವಿನ ಮೇಲೆ ಕೂತು ಇಡೀ ದಿನ ನೋಡಿದೆ. ಮೊದಲ ಗಂಟೆಯಲ್ಲೇ ಅವಳ ಸಾಲು ಸೊಟ್ಟಗಾಯಿತು. ಊರಿದ ಸಸಿ ಅರ್ಧ ತೇಲಿದವು. ಅವಳು ಹಿಂದೆ ಉಳಿದರೆ ಗುಂಪೆಲ್ಲ ನಿಲ್ಲಬೇಕು. ಬೈಗುಳ ಬೀಳುತ್ತದೆ ಎಂದು ಕಾದೆ. ಉಡಚಮ್ಮ ಬೈಯಲಿಲ್ಲ. ತನ್ನ ಸಾಲನ್ನು ಮಗಳ ಪಕ್ಕಕ್ಕೆ ಬದಲಿಸಿಕೊಂಡಳು. ತನ್ನದನ್ನು ಊರುತ್ತ, ಮಗಳು ಬಿಟ್ಟ ಜಾಗದಲ್ಲೂ ಕೈಚಾಚಿ ಊರುತ್ತ ಹೋದಳು. ಮುಖ ನೋಡಲಿಲ್ಲ. ಸಾಲು ಮುಗಿದಾಗ ‘ಹಿಂದಕ್ ಸರೀ’ ಎಂದು ಕೂಗಿದಳು. ಆ ಕೂಗು ನಾಲ್ಕು ಗದ್ದೆ ದಾಟಿ ಕಾಲುವೆಯ ಏರಿಗೆ ಮುಟ್ಟಿತು. ನನ್ನ ಹಾರ್ನು ಸುಟ್ಟ ದನಿ ಎಲ್ಲಿಂದ ಬಂದದ್ದು ಎಂದು ನನಗೆ ಆಗ ತಿಳಿಯಿತು.

ರೊಟ್ಟಿ ಉಣ್ಣಲು ಕೂತಾಗ ನೇತ್ರಾವತಿಗೆ ಬೆರಳು ಮಡಚಲು ಬರುತ್ತಿರಲಿಲ್ಲ. ಜೋಹರಾಬಿ ಮುರಿದು ಕೊಟ್ಟಳು. ‘ಸಾಕು ಬಿಡವಾ, ನೆಳ್ಳಾಗ ಕುಂದ್ರು’ ಎಂದು ಒಂದಿಬ್ಬರು ಅಂದರು. ಅವಳು ಮತ್ತೆ ಇಳಿದಳು. ಹೊತ್ತು ಇಳಿಯುವಾಗ ಅವಳ ಸಾಲು ಪೂರ್ತಿ ನೆಟ್ಟಗೇನೂ ಆಗಿರಲಿಲ್ಲ, ಆದರೆ ಗುಂಪು ಅವಳಿಗಾಗಿ ನಿಲ್ಲುವುದು ತಪ್ಪಿತ್ತು.

ಸಂಜೆ ಎಲ್ಲರೂ ಕಾಲುವೆಗೆ ಬಂದರು. ಅಂಗಿ ಬಿಚ್ಚಿ, ತೊಳೆದು, ಹಿಂಡಿ, ಮಡಚಿ ಚೀಲಕ್ಕೆ ಹಾಕಿದರು. ಸೀರೆ ಇಳಿಸಿ ಸೆರಗು ಹೊದ್ದರು. ಇಷ್ಟರಲ್ಲಿ ಬೇರೆಯೇ ಹೆಂಗಸರಾಗಿಬಿಟ್ಟರು. ನೇತ್ರಾವತಿ ಕೈಕಾಲು ತೊಳೆದಳು, ಅಂಗಿ ಬಿಚ್ಚಲಿಲ್ಲ.

‘ತಗಿ’ ಅಂದಳು ಉಡಚಮ್ಮ.

‘ಒಲ್ಲೆ.’

‘ಊರ ಮಂದಿ ನೋಡ್ತಾರ.’

‘ನೋಡ್ಲಿ ಬಿಡವ್ವ. ಗದ್ದಿಗೆ ಇಳದಿ ಏನು ಅಂತ ಕೇಳಿದ್ದಿ. ಇವತ್ತ ಇಳದೀನಿ.’

ಉಡಚಮ್ಮ ಚೀಲ ಎತ್ತಿಕೊಂಡು ಸರಸರನೆ ಮುಂದೆ ಹೊರಟಳು. ಇಪ್ಪತ್ತು ಹೆಜ್ಜೆ ಹಿಂದೆ ಮಗಳು, ಅಂಗಿತುಂಬ ಕೆಸರು. ಅವಳ ಹಿಂದೆ ಗುಂಪು, ಗುಂಪಿನ ಹಿಂದೆ ನಾನು. ಊರ ಬಾಯಿಯಲ್ಲಿ ಚಹಾದಂಗಡಿ. ಕಟ್ಟೆಯ ಮೇಲೆ ಏಳೆಂಟು ಗಂಡಸರು, ನಡುವೆ ಗದ್ದೆಗಳ ಒಡೆಯ ಕೊಟ್ರಪ್ಪ ಸಾಹುಕಾರ. ಕೆಟ್ಟ ಮನುಷ್ಯ ಅಲ್ಲ, ಮಾತು ಮಾತ್ರ ಜಾಸ್ತಿ. ನೇತ್ರಾವತಿಯನ್ನು ಕಂಡವನೇ ನಕ್ಕ.

‘ಏನವಾ, ಊರಂದ್ರ ಸ್ಟೇಜ್ ಅಂತ ತಿಳದೀ ಏನು? ನಿಮ್ಮವ್ವನ್ನ ನೋಡಿ ಕಲಿ. ಮರ್ಯಾದಸ್ಥಾಕಿ, ಅಂಗಿ ತಗದು ಬಂದಾಳ.’

ಉಡಚಮ್ಮ ಆಗಲೇ ಕಟ್ಟೆ ದಾಟಿ ಹೋಗಿದ್ದಳು. ಆ ಮಾತು ಕಿವಿಗೆ ಬಿದ್ದು ನಿಂತಳು. ಹಿಂದಿರುಗಿ ಮಗಳನ್ನು ನೋಡಿದಳು. ಮೂವತ್ತು ವರ್ಷ ಈ ಕಟ್ಟೆಯಿಂದ ಬರಲಿ ಎಂದು ಅವಳು ಬಯಸಿದ್ದ ಹೊಗಳಿಕೆ ಅದು. ಅವತ್ತು ಅದು ಸಿಕ್ಕಿತ್ತು, ಮಗಳಿಗೆ ಬೈಗುಳವಾಗಿ ಸಿಕ್ಕಿತ್ತು.

ಚೀಲ ಕೆಳಗಿಟ್ಟಳು. ಒದ್ದೆ ಅಂಗಿ ಹೊರಗೆ ತೆಗೆದು ಒಮ್ಮೆ ಝಾಡಿಸಿದಳು. ಸೀರೆಯ ಮೇಲೆ ಅದನ್ನು ತೊಟ್ಟು, ಎದೆಯ ಗುಂಡಿ ಹಾಕಿ, ಮಣಿಕಟ್ಟಿನ ಗುಂಡಿಗಳನ್ನೂ ಒಂದೊಂದಾಗಿ ಹಾಕಿದಳು. ಸೀರೆಗೆ ನೀರು ಇಳಿಯುತ್ತಿತ್ತು. ಕಟ್ಟೆಯ ಮುಂದೆ ಬಂದು ನಿಂತಳು. ಗುಂಪನ್ನು ನಡೆಸುವ ಅದೇ ದನಿಯಲ್ಲಿ ಮಾತಾಡಿದಳು, ಓಣಿಯ ಕೊನೆಯ ಮನೆಯವರೂ ಬಾಗಿಲಿಗೆ ಬಂದರು.

‘ಸಾಹುಕಾರ್ರ, ನಿಮ್ಮ ನಾಲ್ಕೆಕರೆ ಹೋದ ವಾರ ಹಚ್ಚಿದ್ದು ನಾನ ರೀ. ಈ ಅಂಗಿ ಹಾಕ್ಕೊಂಡ ಹಚ್ಚೀನಿ. ಇಕಿ ನನ್ನ ಮಗಳು. ಇವತ್ತ ನನ್ನ ಗುಂಪಿನಾಗ ಹಚ್ಯಾಳ. ನಾವಿಬ್ರೂ ಕೆಲಸದಿಂದ ಬರಾಕ ಹತ್ತೀವಿ.’

ಕೊಟ್ರಪ್ಪ ಚಹಾದ ಲೋಟ ಕೆಳಗಿಟ್ಟ. ‘ಖರೇ ಐತಿ ಬಿಡವಾ’ ಅಂದ, ಮೆಲ್ಲಗೆ. ಹಿಂದಿನಿಂದ ಜೋಹರಾಬಿ ಜೋರಾಗಿ ನಕ್ಕಳು.

ಉಡಚಮ್ಮ ಮಗಳ ಪಕ್ಕಕ್ಕೆ ಬಂದು ನಡೆಯತೊಡಗಿದಳು. ಹತ್ತು ತಿಂಗಳ ಮೇಲೆ ಸಿಟ್ಟಿಲ್ಲದೆ ಮಗಳ ಜೊತೆ ಆಡಿದ ಮೊದಲ ಮಾತು ನನಗೂ ಕೇಳಿತು.

‘ನಾಳೆ ನಸುಕಿನ್ಯಾಗ ಏಳಬೇಕು ನೋಡು. ಇನ್ನ ಮೂರೆಕರೆ ಐತಿ.’

‘ಹೂಂ ಅವ್ವಾ’ ಅಂದಳು ನೇತ್ರಾವತಿ.

ನನಗೆ ಅಳು ತಡೆಯಲಾಗಲಿಲ್ಲ, ಅದನ್ನು ಮುಚ್ಚಿಡುವುದೇನಿದೆ. ಅವ್ವ ಮಗಳು ಇಬ್ಬರೂ ಅಂಗಿ ತೊಟ್ಟೇ ಊರ ನಡುವಿನ ದಾರಿಯಲ್ಲಿ ಮನೆಗೆ ಹೋದರು.